ಆಂಗ್ಲ ಭಕ್ತಕವಿ ಜಾರ್ಜ್ ಹರ್ಬರ್ಟ್
(ಉಪನ್ಯಾಸದ ಲಿಖಿತರೂಪ)

ಭಗವಂತನನ್ನು ಕುರಿತು ಹಾಡುವವನಿಗೆ ಒಂದು ತೊಡಕು ಎಂದಿಗೂ ತಪ್ಪಿದ್ದಲ್ಲ. ಹಾಡು ಸೊಗಸಾಗಿ ಮೂಡಿಬಂದರೆ ಕೇಳಿದವರು ತಲೆದೂಗುತ್ತಾರೆ. ಆ ಮೆಚ್ಚುಗೆ ಸಲ್ಲಬೇಕಾದದ್ದು ದೇವರಿಗೆ. ಆದರೆ ಹಾಡಿದವನ ಮನಸ್ಸು ಅದನ್ನು ನಡುದಾರಿಯಲ್ಲಿಯೇ ತಡೆದು ತನ್ನದಾಗಿಸಿಕೊಳ್ಳುತ್ತದೆ. ಸೊಗಸಿಲ್ಲದೆ ಹಾಡೋಣವೆಂದರೆ, ತನ್ನಲ್ಲಿರುವುದರಲ್ಲಿ ಉತ್ತಮವಾದುದನ್ನೇ ಅರ್ಪಿಸಬೇಕೆಂಬ ನಿಯಮಕ್ಕೆ ಲೋಪವಾಗುತ್ತದೆ. ಈ ಇಕ್ಕಟ್ಟನ್ನು ಮರೆಮಾಚದೆ, ಕಾವ್ಯದ ಒಳಕ್ಕೇ ತಂದುಕೊಂಡು, ಬಾಳಿನುದ್ದಕ್ಕೂ ಅದರೊಡನೆ ಸೆಣಸಿದ ಆಂಗ್ಲ ಕವಿಯೊಬ್ಬನಿದ್ದನು. ಅವನೇ ಹದಿನೇಳನೆಯ ಶತಮಾನದ ಜಾರ್ಜ್ ಹರ್ಬರ್ಟ್.

ಸಭೆಯಲ್ಲಿರುವ ಹಲವರು ಕಾಲೇಜಿನ ದಿನಗಳಲ್ಲಿ 'ಮೆಟಾಫಿಸಿಕಲ್ ಕವಿಗಳು' ಎಂಬ ಹೆಸರನ್ನು ಕೇಳಿರಬಹುದು. ತತ್ತ್ವಶಾಸ್ತ್ರವನ್ನು ಪದ್ಯದಲ್ಲಿ ಬರೆದವರೆಂದು ಆ ಹೆಸರಿನಿಂದ ತೋರುತ್ತದೆ. ವಾಸ್ತವವಾಗಿ ಅದು ಮೊದಲಿಗೆ ಬಿರುದಾಗಿರಲಿಲ್ಲ, ಆಕ್ಷೇಪವಾಗಿತ್ತು. 1693ರಲ್ಲಿ ಡ್ರೈಡನ್ ಕವಿಯು ಜಾನ್ ಡನ್ನನ ಪ್ರೇಮಪದ್ಯಗಳಲ್ಲಿ ಪಾಂಡಿತ್ಯದ ಕಸರತ್ತು ಹೆಚ್ಚಾಯಿತೆಂದು ದೂರುವಾಗ ಆ ಮಾತನ್ನು ಎತ್ತಿದನು. 1779ರಲ್ಲಿ ಡಾಕ್ಟರ್ ಜಾನ್ಸನ್ ಅದನ್ನು ಇಡೀ ಗುಂಪಿಗೆ ಅಂಟಿಸಿದನು. ದೂರದೂರದ ಎರಡು ವಸ್ತುಗಳನ್ನು ಬಲವಂತವಾಗಿ ಒಂದು ನೊಗಕ್ಕೆ ಕಟ್ಟುವುದು ಇವರ ರೂಢಿಯೆಂಬುದು ಅವನ ತಕರಾರಿನ ಸಾರ. 1921ರಲ್ಲಿ ಗ್ರಿಯರ್ಸನ್ ಈ ಕವಿಗಳ ಸಂಕಲನವನ್ನು ಹೊರತಂದ ಮೇಲೆ, ಅದನ್ನು ವಿಮರ್ಶಿಸುತ್ತ ಟಿ. ಎಸ್. ಎಲಿಯಟ್ ಬರೆದ ಲೇಖನದಿಂದಾಗಿ ಅದೇ ದೋಷವು ಗುಣವಾಗಿ ಪರಿಣಮಿಸಿತು. ಈ ಗುಂಪಿಗೆ ಡನ್ನನೇ ಹಿರಿಯ. ಹರ್ಬರ್ಟ್ ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ಅವನನ್ನು ಮನೆಯಲ್ಲಿಯೇ ಕಂಡು ಬೆಳೆದವನು. ಆದರೂ ಅವನ ದಾರಿ ಬೇರೆ.

ಹರ್ಬರ್ಟ್ ಜನಿಸಿದ್ದು 1593ರ ಏಪ್ರಿಲ್ 3ರಂದು, ವೇಲ್ಸ್ ಪ್ರಾಂತದ ಮಾಂಟ್‌ಗೊಮರಿಯಲ್ಲಿ, ಶ್ರೀಮಂತ ಮನೆತನದಲ್ಲಿ. ಮೂರು ವರ್ಷದವನಿದ್ದಾಗ ತಂದೆ ತೀರಿಕೊಂಡನು. ತಾಯಿ ಮ್ಯಾಗ್ಡಲೀನ್ ಹತ್ತು ಮಕ್ಕಳನ್ನು ಒಬ್ಬಳೇ ಸಾಕಿ ಸಲಹಿದ ದಿಟ್ಟ ಹೆಣ್ಣುಮಗಳು. ವಿದ್ವಾಂಸರನ್ನೂ ಕವಿಗಳನ್ನೂ ಮನೆಗೆ ಕರೆದು ಆದರಿಸುತ್ತಿದ್ದವಳು. ಡನ್ನನ ಪರಿಚಯವಾದದ್ದು ಅವಳ ಮೂಲಕವೇ. ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿ ಓದಿ 1609ರಲ್ಲಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಸೇರಿದ ಬಾಲಕನು, ಮರುವರ್ಷದ ಹೊಸವರ್ಷದ ಕಾಣಿಕೆಯಾಗಿ ತಾಯಿಗೆ ಎರಡು ಪದ್ಯಗಳನ್ನು ಕಳುಹಿಸಿದನಂತೆ. ಹೆಣ್ಣಿನ ಮೋಹವನ್ನು ಕುರಿತ ಪದ್ಯಗಳು ಇಷ್ಟೊಂದು ಹುಟ್ಟುತ್ತಿರುವಾಗ ದೇವರನ್ನು ಕುರಿತು ಏಕೆ ಇಲ್ಲ, ತನ್ನ ಕವಿತ್ವವೆಲ್ಲ ಇನ್ನು ಅವನಿಗೇ ಮೀಸಲು ಎಂಬುದು ಅವುಗಳ ಅಭಿಪ್ರಾಯ. ಆಗ ಅವನಿಗೆ ಹದಿನಾರು ವರ್ಷ. ಆ ವಯಸ್ಸಿನ ಸಂಕಲ್ಪಗಳು ಎಷ್ಟು ದಿನ ನಿಲ್ಲುತ್ತವೆಂದು ಬಲ್ಲವರಿಗೆ, ಇದು ನಿಂತಿತೆಂಬುದೇ ವಿಶೇಷವೆನಿಸಬಹುದು.

ಸಂಕಲ್ಪ ನಿಂತರೂ ಬದುಕು ಬೇರೆಡೆಗೆ ಸೆಳೆಯಿತು. 1620ರಲ್ಲಿ ಹರ್ಬರ್ಟ್ ಕೇಂಬ್ರಿಜ್ ವಿಶ್ವವಿದ್ಯಾನಿಲಯದ 'ಪಬ್ಲಿಕ್ ಆರೇಟರ್' ಆಗಿ ಆಯ್ಕೆಯಾದನು. ರಾಜನಿಗೂ ಪ್ರಭುಗಳಿಗೂ ವಿಶ್ವವಿದ್ಯಾನಿಲಯದ ಪರವಾಗಿ ಲ್ಯಾಟಿನ್ ಭಾಷೆಯಲ್ಲಿ ಪತ್ರ ಬರೆಯುವುದು, ಅವರು ಬಂದಾಗ ಸ್ವಾಗತ ಭಾಷಣ ಮಾಡುವುದು ಆ ಹುದ್ದೆಯ ಕೆಲಸ. ಹೇಳಬೇಕೆಂದರೆ ಅದು ಹೊಗಳಿಕೆಯ ಹುದ್ದೆ. ಮಾತಿಗೆ ಒಡವೆ ತೊಡಿಸುವ ಕಲೆಯಲ್ಲಿ ನುರಿತವನಿಗೆ ಮಾತ್ರ ಸಿಗುತ್ತಿದ್ದ ಹುದ್ದೆ. ಹಿಂದೆ ಅದೇ ಪೀಠದಲ್ಲಿದ್ದ ರಾಬರ್ಟ್ ನಾಂಟನ್ ಮುಂದೆ ರಾಜ್ಯದ ಕಾರ್ಯದರ್ಶಿಯಾಗಿದ್ದನು. ಹರ್ಬರ್ಟನಿಗೂ ಅಂಥ ಆಸೆಯಿತ್ತೆಂದು ಅವನ ಚರಿತ್ರೆ ಬರೆದ ಐಸಾಕ್ ವಾಲ್ಟನ್ ಹೇಳುತ್ತಾನೆ. 1624ರಲ್ಲಿ ಅವನು ಪಾರ್ಲಿಮೆಂಟಿನ ಸದಸ್ಯನೂ ಆಗಿದ್ದನು. 1625ರಲ್ಲಿ ಒಂದನೆಯ ಜೇಮ್ಸ್ ದೊರೆ ಕಾಲವಾದನು. ಆ ಸುಮಾರಿಗೇ ಹರ್ಬರ್ಟನ ಇಬ್ಬರು ಪೋಷಕರೂ ತೀರಿಕೊಂಡರು. 1627ರಲ್ಲಿ ತಾಯಿ ಹೋದಳು. ಆಸ್ಥಾನದ ಬಾಗಿಲು ಮುಚ್ಚಿದ್ದರಿಂದ ಅವನು ದೇವರ ಬಾಗಿಲಿಗೆ ಬಂದನೆಂದು ಕೆಲವರು, ಮೊದಲಿನಿಂದಲೂ ಅವನ ಒಲವು ಅಲ್ಲಿಯೇ ಇತ್ತೆಂದು ಕೆಲವರು. ಎರಡೂ ನಿಜವಿರಬಹುದು. ಮನುಷ್ಯನ ವೈರಾಗ್ಯಕ್ಕೆ ಒಂದೇ ಬೇರು ಇರಬೇಕೆಂದೇನೂ ಇಲ್ಲ.

1630ರಲ್ಲಿ ಹರ್ಬರ್ಟ್ ಸಾಲ್ಸ್‌ಬರಿ ನಗರದ ಸಮೀಪದ ಬೆಮರ್ಟನ್ ಎಂಬ ಚಿಕ್ಕ ಹಳ್ಳಿಗೆ ಪಾದ್ರಿಯಾಗಿ ಬಂದನು. ರಾಜರ ಮುಂದೆ ಲ್ಯಾಟಿನ್ನಿನಲ್ಲಿ ಮಾತನಾಡಿದ್ದ ವ್ಯಕ್ತಿ ಈಗ ರೈತರಿಗೂ ಕೂಲಿಗಳಿಗೂ ಧರ್ಮ ಹೇಳಬೇಕಾಗಿತ್ತು. ಅಲ್ಲಿ ಅವನು ಬದುಕಿದ್ದು ಮೂರು ವರ್ಷಕ್ಕೂ ಕಡಿಮೆ. ಕ್ಷಯರೋಗದಿಂದ 1633ರ ಮಾರ್ಚ್ 1ರಂದು, ನಲವತ್ತು ತುಂಬುವ ಮೊದಲೇ ತೀರಿಕೊಂಡನು.

ವಾಲ್ಟನ್ ತನ್ನ ಗ್ರಂಥವನ್ನು ಬರೆದದ್ದು ಇದಾಗಿ ಮೂವತ್ತೇಳು ವರ್ಷಗಳ ಬಳಿಕ, 1670ರಲ್ಲಿ. ಭಕ್ತರ ಚರಿತ್ರೆಗಳಲ್ಲೆಲ್ಲ ಇರುವಂತೆ ಇಲ್ಲಿಯೂ ಆದರದ ಬಣ್ಣವಿದೆ. ಆದರೂ ಅದರ ಒಂದು ಪ್ರಸಂಗವನ್ನು ಬಿಡಲಾಗದು. ಹರ್ಬರ್ಟ್ ವೀಣೆಯಂಥ ತಂತಿವಾದ್ಯಗಳನ್ನು ಬಲ್ಲವನು. ವಾರಕ್ಕೆ ಎರಡು ಬಾರಿ ಸಾಲ್ಸ್‌ಬರಿಯ ದೊಡ್ಡ ಚರ್ಚಿಗೆ ನಡೆದುಹೋಗಿ ಪ್ರಾರ್ಥನಾಸಂಗೀತ ಕೇಳಿ, ಬಳಿಕ ಗೆಳೆಯರೊಡನೆ ತಾನೂ ನುಡಿಸಿ ಬರುತ್ತಿದ್ದನು. ಒಂದು ದಿನ ದಾರಿಯಲ್ಲಿ ಒಬ್ಬ ಬಡವನ ಕುದುರೆ ಹೊರೆಯ ಸಮೇತ ಬಿದ್ದಿತ್ತು. ಹರ್ಬರ್ಟ್ ಮೇಲಂಗಿ ಕಳಚಿಟ್ಟು, ಹೊರೆ ಇಳಿಸಿ, ಕುದುರೆಯನ್ನು ಎಬ್ಬಿಸಿ, ಮತ್ತೆ ಹೊರೆ ಏರಿಸಿ, ಇಬ್ಬರ ಆಹಾರಕ್ಕೂ ಹಣ ಕೊಟ್ಟನು. ಸದಾ ಅಚ್ಚುಕಟ್ಟಾಗಿರುತ್ತಿದ್ದವನು ಕೆಸರಾಗಿ ಬಂದುದನ್ನು ಕಂಡು, ಅಂಥ ಕೆಲಸ ತಕ್ಕುದಲ್ಲವೆಂದು ಗೆಳೆಯನೊಬ್ಬ ಆಕ್ಷೇಪಿಸಿದನು. ಈ ನೆನಪು ನಡುರಾತ್ರಿಯಲ್ಲಿ ತನಗೆ ಸಂಗೀತವಾಗುತ್ತದೆ ಎಂಬರ್ಥದ ಉತ್ತರ ಕೊಟ್ಟ ಹರ್ಬರ್ಟ್, ವಾದ್ಯಗಳ ಶ್ರುತಿ ಮಾಡೋಣವೆಂದು ಕುಳಿತನಂತೆ.

ಶ್ರುತಿ ಎಂಬ ಈ ಒಂದು ಮಾತು ಅವನ ಕಾವ್ಯದ ಬಾಗಿಲನ್ನೇ ತೆರೆಯುತ್ತದೆ. ಮನಸ್ಸನ್ನು ವಾದ್ಯವಾಗಿಯೂ, ಕಷ್ಟವನ್ನು ತಂತಿ ಬಿಗಿಯುವ ಕೈಯಾಗಿಯೂ ಅವನು ಪದೇ ಪದೇ ಕಾಣುತ್ತಾನೆ. 'ಡಿನಾಯಲ್' ಎಂಬ ಪದ್ಯವನ್ನು ನೋಡಬೇಕು. ದೇವರು ಕಿವಿಗೊಡುತ್ತಿಲ್ಲವೆಂಬ ಅಳಲು ಅದರ ವಸ್ತು. ಕನ್ನಡದಲ್ಲಿ ಪ್ರಾಸವೆಂದರೆ ಹಿಂದಿನಿಂದಲೂ ಸಾಲಿನ ಎರಡನೆಯ ಅಕ್ಷರದ್ದು. ಇಂಗ್ಲಿಷಿನಲ್ಲಿ ಅದು ಸಾಲಿನ ತುದಿಯಲ್ಲಿರುತ್ತದೆ. ಈ ಪದ್ಯದಲ್ಲಿ ಆರು ಚರಣಗಳು, ಒಂದೊಂದರಲ್ಲಿ ಐದು ಸಾಲು. ಮೊದಲ ಐದು ಚರಣಗಳಲ್ಲಿ ಕೊನೆಯ ಸಾಲು ಯಾವುದರೊಡನೆಯೂ ಪ್ರಾಸಗೂಡದೆ ಅನಾಥವಾಗಿ ನಿಲ್ಲುತ್ತದೆ. ಹಾಡು ಕೇಳುತ್ತಿರುವವನಿಗೆ ಏನೋ ಮುರಿದಿದೆಯೆಂದು ಅನಿಸುತ್ತಲೇ ಇರುತ್ತದೆ. ಆರನೆಯ ಚರಣದಲ್ಲಿ ಕವಿಯು ತನ್ನ ಎದೆಯನ್ನು ಶ್ರುತಿಗೂಡಿಸೆಂದು ಬೇಡುತ್ತಾನೆ. ಆ ಬೇಡಿಕೆಯ ಬಾಯಲ್ಲಿಯೇ ಕೊನೆಯ ಸಾಲು ಮೊದಲ ಬಾರಿಗೆ ಪ್ರಾಸಗೂಡುತ್ತದೆ. ದೇವರು ಓಗೊಟ್ಟನೆಂದು ಪದ್ಯವು ಎಲ್ಲಿಯೂ ಹೇಳುವುದಿಲ್ಲ. ಕಿವಿಗೆ ಮಾತ್ರ ತಿಳಿಯುತ್ತದೆ.

ಇದು ಪದಚಮತ್ಕಾರವಲ್ಲವೇ, ಅಲಂಕಾರವನ್ನು ಬಿಟ್ಟವನಿಗೆ ಇದೇಕೆ ಎಂದು ಕೇಳಬಹುದು. ಹರ್ಬರ್ಟ್ ಕೌಶಲವನ್ನು ಬಿಟ್ಟವನಲ್ಲ. ಅದನ್ನು ಎದ್ದು ಕಾಣದ ಕಡೆಗೆ ತಳ್ಳಿದವನು. ಆರಂಭದಲ್ಲಿ ಎದ್ದು ಕಾಣುವ ಪ್ರಯೋಗಗಳನ್ನೂ ಮಾಡಿದ್ದಾನೆ. 'ದಿ ಆಲ್ಟರ್' ಎಂಬ ಪದ್ಯದ ಸಾಲುಗಳು ಪುಟದ ಮೇಲೆ ಬಲಿಪೀಠದ ಆಕಾರ ತಾಳುತ್ತವೆ. 'ಈಸ್ಟರ್ ವಿಂಗ್ಸ್' ರೆಕ್ಕೆಗಳ ಆಕಾರದ್ದು. ಸಂಸ್ಕೃತದ ಚಿತ್ರಬಂಧಗಳನ್ನು ಬಲ್ಲವರಿಗೆ ಇದು ಹೊಸದಲ್ಲ. ಆದರೆ ಈಸ್ಟರ್ ಪದ್ಯದಲ್ಲಿ ಆಕಾರ ಬರಿಯ ಕುಶಲವಲ್ಲ: ಮನುಷ್ಯನು ಸಂಪತ್ತು ಕಳೆದುಕೊಳ್ಳುತ್ತ ಹೋದಂತೆ ಸಾಲುಗಳೂ ಕುಗ್ಗುತ್ತ ಹೋಗಿ, ಅತ್ಯಂತ ಬಡವನಾದನೆಂಬಲ್ಲಿ ಎರಡೇ ಪದಗಳ ಸಾಲಾಗುತ್ತದೆ. ಅಲ್ಲಿಂದ ದೇವರ ಕೂಡ ಮೇಲೇರುವ ಬಯಕೆಯೊಡನೆ ಸಾಲುಗಳು ಮತ್ತೆ ಹಿಗ್ಗುತ್ತವೆ.

ಒಡವೆಯ ವಿರುದ್ಧ ಅವನು ನೇರವಾಗಿ ಬರೆದ ಪದ್ಯಗಳಿಗೆ 'ಜೋರ್ಡನ್' ಎಂದು ಹೆಸರು. ಅಂಥವು ಎರಡಿವೆ. ಎರಡನೆಯದರಲ್ಲಿ ಕವಿಯು ತನ್ನ ಹಳೆಯ ಅಭ್ಯಾಸವನ್ನು ತಾನೇ ಬಯಲಿಗೆಳೆಯುತ್ತಾನೆ. ದಿವ್ಯವಾದ ಆನಂದವನ್ನು ಹೇಳಲು ಹೊರಟಾಗ ಪದಗಳನ್ನು ಆರಿಸಿದ್ದೇ ಆರಿಸಿದ್ದು. ಸರಳವಾದ ಅರ್ಥಕ್ಕೆ ಉಪಮಾನಗಳ ಗುಂಗುರು ಕೂಡಿಸಿ, ಮಾರಾಟಕ್ಕಿಟ್ಟ ಸರಕಿನಂತೆ ಸಿಂಗರಿಸಿದ್ದು. ಬರೆದದ್ದನ್ನು ಹೊಡೆದು ಮತ್ತೆ ಬರೆದದ್ದು. ಉರಿಯುವ ಜ್ವಾಲೆಗಳು ಒಂದರೊಡನೊಂದು ಹೆಣೆದುಕೊಂಡು ಏರುವಂತೆ, ಆ ಅರ್ಥದೊಳಕ್ಕೆ ತನ್ನನ್ನೇ ತಾನು ಹೆಣೆದುಬಿಟ್ಟೆನೆಂದು ಒಪ್ಪಿಕೊಳ್ಳುತ್ತಾನೆ. ಈ ಗಡಿಬಿಡಿಯ ನಡುವೆ ಒಬ್ಬ ಗೆಳೆಯನ ಪಿಸುಮಾತು ಕೇಳಿಬರುತ್ತದೆ: ಪ್ರೀತಿಯಲ್ಲಿಯೇ ಒಂದು ಮಾಧುರ್ಯ ಸಿದ್ಧವಾಗಿ ಬರೆದಿಟ್ಟಿದೆ, ಅದನ್ನು ನಕಲು ಮಾಡಿಕೊಂಡರೆ ಸಾಕು, ಖರ್ಚೂ ಉಳಿಯುತ್ತದೆ. ಕವಿಯ ದೋಷ ಅಲಂಕಾರವಲ್ಲ. ಅಲಂಕಾರದ ನೆವದಲ್ಲಿ ಅಹಂಕಾರ ಒಳಸೇರಿತಲ್ಲ, ಅದು. ಸ್ವಾರಸ್ಯವೆಂದರೆ, ಹಸ್ತಪ್ರತಿಯೊಂದರಲ್ಲಿ ಈ ಪದ್ಯಕ್ಕೆ ಬೇರೊಂದು ಹೆಸರಿದೆ. ಪ್ರಕಟಣೆಯಲ್ಲಿ 'ಜೋರ್ಡನ್' ಆಯಿತು. ಅಂದರೆ ತಿದ್ದುವುದನ್ನು ಹಳಿದ ಪದ್ಯವನ್ನೂ ಅವನು ತಿದ್ದಿದ್ದನು! ಉಪಮಾನಗಳನ್ನು ಬೈಯುವಾಗಲೂ ಜ್ವಾಲೆಯ ಉಪಮಾನ ಬೇಕಾಯಿತು. ಈ ವಿರೋಧಾಭಾಸ ಅವನಿಗೆ ತಿಳಿಯದೆ ಇರಲಿಲ್ಲ; ಪದ್ಯದ ತುಟಿಯಂಚಿನಲ್ಲಿ ಒಂದು ಮುಗುಳ್ನಗೆಯಿದೆ.

ಹರ್ಬರ್ಟನ ಉಪಮಾನಗಳು ಬರುವುದು ಮನೆ, ಹೊಲ, ಕಛೇರಿಗಳಿಂದ. ಡನ್ನನಂತೆ ಭೂಗೋಲ, ಖಗೋಲಗಳನ್ನು ಅವನು ಹೆಚ್ಚಾಗಿ ಅರಸುವುದಿಲ್ಲ. ಅವನು ಗಾದೆಗಳ ಸಂಗ್ರಾಹಕ. ಸಾವಿರಕ್ಕೂ ಹೆಚ್ಚು ಪರದೇಶದ ಗಾದೆಗಳ ಅವನ ಸಂಗ್ರಹ 1640ರಲ್ಲಿ ಅಚ್ಚಾಯಿತು. ಗಾದೆಯ ಬಿಗಿ ಪದ್ಯಕ್ಕೂ ಬಂದಿದೆ. 'ರಿಡೆಂಪ್ಶನ್' ಪದ್ಯದಲ್ಲಿ ಭಕ್ತನು ಒಬ್ಬ ಗೇಣಿದಾರ. ಹಳೆಯ ಗೇಣಿ ಭಾರವಾಯಿತೆಂದು, ಕಡಿಮೆ ಗೇಣಿಯ ಹೊಸ ಕರಾರು ಕೇಳಲು ಧಣಿಯನ್ನು ಹುಡುಕಿ ಸ್ವರ್ಗದ ಮನೆಗೆ ಹೋಗುತ್ತಾನೆ. ಧಣಿಯು ಬಹಳ ಬೆಲೆ ಕೊಟ್ಟು ಕೊಂಡ ಜಮೀನನ್ನು ವಶಕ್ಕೆ ತೆಗೆದುಕೊಳ್ಳಲು ಭೂಮಿಗೆ ಹೋಗಿದ್ದಾನೆಂದು ತಿಳಿಯುತ್ತದೆ. ನಗರಗಳಲ್ಲಿ, ಉದ್ಯಾನಗಳಲ್ಲಿ, ಅರಮನೆಗಳಲ್ಲಿ ಹುಡುಕುತ್ತಾನೆ. ದೊಡ್ಡವರು ಇರುವುದು ಅಲ್ಲಿಯೇ ತಾನೆ! ಕೊನೆಗೆ ಕಳ್ಳರ, ಕೊಲೆಗಾರರ ಗದ್ದಲದ ನಡುವೆ ಧಣಿ ಕಾಣುತ್ತಾನೆ. ಕೇಳುವ ಮೊದಲೇ ಬೇಡಿಕೆ ಮನ್ನಿಸಿದೆನೆಂದು ಹೇಳಿ ಪ್ರಾಣ ಬಿಡುತ್ತಾನೆ. ಕ್ರೈಸ್ತಮತದ ಕೇಂದ್ರವಾದ ಶಿಲುಬೆಯ ಕಥೆಯನ್ನು, ಶಿಲುಬೆಯೆಂಬ ಪದವನ್ನೂ ಬಳಸದೆ, ಹದಿನಾಲ್ಕು ಸಾಲುಗಳಲ್ಲಿ ಗೇಣಿಪತ್ರದ ಭಾಷೆಯಲ್ಲಿ ಹೇಳಿ ಮುಗಿಸಿದ್ದಾನೆ.

'ದಿ ಪುಲ್ಲಿ' ಎಂದರೆ ರಾಟೆ. ದೇವರು ಮನುಷ್ಯನನ್ನು ಸೃಷ್ಟಿಸಿ, ಪಕ್ಕದಲ್ಲಿದ್ದ ಪಾತ್ರೆಯಿಂದ ಬಲ, ಚೆಲುವು, ಜ್ಞಾನ, ಮಾನ, ಸುಖಗಳನ್ನು ಒಂದೊಂದಾಗಿ ಅವನ ಮೇಲೆ ಸುರಿಯುತ್ತಾನೆ. ಪಾತ್ರೆಯ ತಳದಲ್ಲಿ ಒಂದೇ ಒಂದು ನಿಧಿ ಉಳಿದಾಗ ಕೈ ತಡೆಯುತ್ತಾನೆ. ಅದು ವಿಶ್ರಾಂತಿ. ಇಂಗ್ಲಿಷಿನಲ್ಲಿ 'ರೆಸ್ಟ್' ಎಂದರೆ ವಿಶ್ರಾಂತಿಯೂ ಹೌದು, ಉಳಿದದ್ದು ಎಂದೂ ಹೌದು. ಈ ಶ್ಲೇಷೆಯ ಮೇಲೆ ಪದ್ಯ ತಿರುಗುತ್ತದೆ. ಅದನ್ನೂ ಕೊಟ್ಟರೆ ಮನುಷ್ಯನು ಕೊಟ್ಟವನನ್ನು ಬಿಟ್ಟು ಕೊಟ್ಟದ್ದನ್ನೇ ಪೂಜಿಸುತ್ತಾನೆ. ಮಿಕ್ಕೆಲ್ಲವೂ ಅವನಿಗಿರಲಿ, ಆದರೆ ನೆಮ್ಮದಿಯಿಲ್ಲದೆ ಇರಲಿ. ಒಳ್ಳೆಯತನ ಅವನನ್ನು ಕರೆತರದಿದ್ದರೆ ದಣಿವಾದರೂ ತನ್ನ ಎದೆಗೆ ತಂದು ಹಾಕಲಿ ಎಂದು ದೇವರು ಯೋಚಿಸುತ್ತಾನೆ. ರಾಟೆ ಎಂಬ ಮಾತು ಶೀರ್ಷಿಕೆಯಲ್ಲಿ ಮಾತ್ರವಿದೆ, ಪದ್ಯದೊಳಗೆ ಎಲ್ಲಿಯೂ ಇಲ್ಲ. ಭಾರದ ಒಂದು ತುದಿ ಇಳಿದಾಗ ಇನ್ನೊಂದು ಏರುವುದನ್ನು ಓದುಗನೇ ನೆನೆಯಬೇಕು. ಊರೂರು ಬಿಟ್ಟು ದೊಡ್ಡ ನಗರ ಸೇರಿ, ಎಲ್ಲವನ್ನೂ ಪಡೆದು, ಆ ಒಂದನ್ನು ಮಾತ್ರ ಪಡೆಯದವರಿಗೆ ಈ ಪದ್ಯದ ವಿವರಣೆ ಬೇಕಾಗಲಾರದು.

ಹರ್ಬರ್ಟನದು ಸದಾ ಶಾಂತವಾದ ಭಕ್ತಿಯೆಂದು ತಿಳಿದರೆ ತಪ್ಪಾಗುತ್ತದೆ. 'ದಿ ಕಾಲರ್' ಎಂಬ ಪದ್ಯ ಮೇಜನ್ನು ಗುದ್ದಿ, ಇನ್ನು ಸಾಕು, ಹೊರಟೆ ಎಂದು ಕೂಗುವುದರಿಂದಲೇ ಆರಂಭವಾಗುತ್ತದೆ. ಸೇವೆಯಿಂದ ದೊರೆತದ್ದು ಮುಳ್ಳೊಂದೇ ತಾನೆ, ದ್ರಾಕ್ಷಿಯೂ ಧಾನ್ಯವೂ ಎಲ್ಲಿ, ಕಳೆದ ವರ್ಷಗಳಿಗೆ ಲೆಕ್ಕವೆಲ್ಲಿ ಎಂಬ ಜಗಳ. ಸಾಲುಗಳು ಒಂದು ಉದ್ದ, ಒಂದು ಗಿಡ್ಡ, ಪ್ರಾಸಗಳು ದಿಕ್ಕಾಪಾಲು. 'ಕಾಲರ್' ಎಂದರೆ ಕೊರಳ ಪಟ್ಟಿ. ಅದೇ ಉಚ್ಚಾರದ ಇನ್ನೊಂದು ಪದಕ್ಕೆ ಕೋಪವೆಂದರ್ಥ. ಕರೆಯುವವನು ಎಂಬ ಪದವೂ ಕಿವಿಗೆ ಹತ್ತಿರದ್ದೇ. ಕೋಪ ತುತ್ತತುದಿಗೇರಿದಾಗ, ಮಗುವೇ ಎಂದು ಯಾರೋ ಕರೆದಂತಾಗುತ್ತದೆ. ಪ್ರಭುವೇ ಎಂದು ಉತ್ತರ ಬರುತ್ತದೆ. ಅಷ್ಟೇ. ಆ ಕೊನೆಯ ನಾಲ್ಕು ಸಾಲುಗಳಲ್ಲಿ ಪ್ರಾಸ ತಾನಾಗಿ ಕ್ರಮಕ್ಕೆ ಬಂದಿರುತ್ತದೆ. ಗೇಣಿದಾರ ಮತ್ತು ಧಣಿ, ಮಗು ಮತ್ತು ತಂದೆ, ಆಳು ಮತ್ತು ಒಡೆಯ: ಹರ್ಬರ್ಟನಲ್ಲಿ ಈ ಎರಡು ನೆಲೆಗಳು ಒಂದರಲ್ಲೊಂದು ಕರಗಿಹೋಗುವುದಿಲ್ಲ. ದಾಸಸಾಹಿತ್ಯದಲ್ಲಿ ಮಿಂದ ಓದುಗರಿಗೆ ಇದು ಪರಿಚಿತವೆನಿಸಿದರೆ ಆಶ್ಚರ್ಯವಿಲ್ಲ. ಆದರೆ ಆ ನಾಡಿಗೂ ಈ ನಾಡಿಗೂ ಈ ವಿಷಯದಲ್ಲಿ ಕೊಡುಕೊಳ್ಳುವಿಕೆ ಇರಲಿಲ್ಲ. ಅವನ ದೇವರು, ಅವನ ಶಾಸ್ತ್ರ ಅವನವೇ. ಹೋಲಿಕೆಯ ಉತ್ಸಾಹದಲ್ಲಿ ಅದನ್ನು ಮರೆಯಬಾರದು.

ಅವನ ಬರಹವೆಲ್ಲವೂ ಈ ಎತ್ತರದ್ದಲ್ಲ. ಸಂಗ್ರಹದ ಆರಂಭದಲ್ಲಿರುವ 'ದಿ ಚರ್ಚ್ ಪೋರ್ಚ್' ಎಂಬ ದೀರ್ಘ ನೀತಿಪದ್ಯವು, ಕುಡಿಯಬೇಡ, ಸಾಲ ಮಾಡಬೇಡ ಎಂಬ ಧಾಟಿಯದು. ಉಪಯುಕ್ತ, ಆದರೆ ನೀರಸ.

ಸಾವು ಸಮೀಪಿಸಿದಾಗ ಹರ್ಬರ್ಟ್ ತನ್ನ ಇಂಗ್ಲಿಷ್ ಪದ್ಯಗಳ ಪುಸ್ತಕವನ್ನು ಲಿಟ್ಲ್ ಗಿಡಿಂಗ್ ಎಂಬಲ್ಲಿ ಪ್ರಾರ್ಥನಾಜೀವನ ನಡೆಸುತ್ತಿದ್ದ ಗೆಳೆಯ ನಿಕೊಲಾಸ್ ಫೆರಾರನಿಗೆ ಕಳುಹಿಸಿಕೊಟ್ಟನು. ಬದುಕಿದ್ದಾಗ ಅವುಗಳನ್ನು ಅಚ್ಚು ಹಾಕಿಸಿರಲಿಲ್ಲ. ನೊಂದ ಜೀವಿ ಯಾರಿಗಾದರೂ ಪ್ರಯೋಜನವಾದೀತೆಂದು ತೋರಿದರೆ ಪ್ರಕಟಿಸಲಿ, ಇಲ್ಲವಾದರೆ ಸುಟ್ಟುಬಿಡಲಿ ಎಂಬುದು ಅವನ ಸಂದೇಶವೆಂದು ವಾಲ್ಟನ್ ಬರೆಯುತ್ತಾನೆ. ಫೆರಾರ್ ಸುಡಲಿಲ್ಲ. ಅದೇ ವರ್ಷ ಕೇಂಬ್ರಿಜ್‌ನಲ್ಲಿ 'ದಿ ಟೆಂಪಲ್', ಎಂದರೆ ದೇವಾಲಯ, ಎಂಬ ಹೆಸರಿನಲ್ಲಿ ಅದು ಪ್ರಕಟವಾಯಿತು. ಸೆರೆಯಲ್ಲಿದ್ದ ಒಂದನೆಯ ಚಾರ್ಲ್ಸ್ ದೊರೆ ಓದುತ್ತಿದ್ದ ಪುಸ್ತಕಗಳಲ್ಲಿ ಅದೂ ಒಂದು. ಹದಿನೆಂಟನೆಯ ಶತಮಾನದಲ್ಲಿ ಜಾನ್ ವೆಸ್ಲಿ ಅದರ ಅನೇಕ ಪದ್ಯಗಳನ್ನು ಸಾಮೂಹಿಕ ಗಾಯನಕ್ಕೆ ಹೊಂದಿಸಿದನು. 1911ರಲ್ಲಿ ವಾನ್ ವಿಲಿಯಮ್ಸ್ ಕೆಲವಕ್ಕೆ ಸಂಗೀತ ಸಂಯೋಜಿಸಿದನು.

ಆ ಸಂಗ್ರಹದ 'ದಿ ಚರ್ಚ್' ಎಂಬ ಮುಖ್ಯಭಾಗದ ಕೊನೆಯ ಪದ್ಯ 'ಲವ್' ಎಂಬುದು. ಆ ಹೆಸರಿನ ಪದ್ಯಗಳಲ್ಲಿ ಮೂರನೆಯದು. ಅದರಲ್ಲಿ ದೇವರು ಊಟಕ್ಕೆ ಕರೆದ ಆತಿಥೇಯ. ಜೀವನು ಹೊಸ್ತಿಲಲ್ಲಿ ಹಿಂಜರಿಯುವ ಅತಿಥಿ. ಏನು ಕಡಿಮೆಯಾಯಿತೆಂದು ಆತಿಥೇಯ ಮೃದುವಾಗಿ ಕೇಳುತ್ತಾನೆ. ಇಲ್ಲಿರಲು ಯೋಗ್ಯನಾದ ಅತಿಥಿಯೊಬ್ಬ ಕಡಿಮೆಯೆಂದು ಉತ್ತರ. ಆ ಅತಿಥಿ ನೀನೇ ಎನ್ನುತ್ತಾನೆ ದೇವರು. ಕೃತಘ್ನನಾದ ತಾನು ಮುಖವೆತ್ತಿ ನೋಡಲಾರೆನೆಂದರೆ, ಆ ಕಣ್ಣು ಮಾಡಿದವರಾರು ಎಂದು ನಗುತ್ತ ಕೈಹಿಡಿಯುತ್ತಾನೆ. ಅದನ್ನು ಕೆಡಿಸಿದವನು ತಾನಲ್ಲವೇ ಎಂದರೆ, ಆ ಅಪರಾಧವನ್ನು ಹೊತ್ತವರು ಯಾರೆಂದು ತಿಳಿಯದೇ ಎನ್ನುತ್ತಾನೆ. ಸೋತ ಅತಿಥಿಯ ಕೊನೆಯ ಉಪಾಯ: ಹಾಗಾದರೆ ಉಣ್ಣುವುದು ಬೇಡ, ಬಡಿಸಲು ನಿಲ್ಲುತ್ತೇನೆ. ಅದಕ್ಕೂ ಒಪ್ಪಿಗೆಯಿಲ್ಲ, ಕುಳಿತು ರುಚಿ ನೋಡಲೇಬೇಕು. ಯೋಗ್ಯತೆಯಿಲ್ಲವೆಂಬ ಹಟದಲ್ಲಿಯೂ ತಾನು ಎಂಬುದು ಎಷ್ಟು ಗಟ್ಟಿಯಾಗಿ ಕುಳಿತಿರುತ್ತದೆಂಬುದನ್ನು ಹರ್ಬರ್ಟ್ ಬಲ್ಲನು. ಅತಿಥಿ ಕುಳಿತು ಉಣ್ಣುವ ಕೊನೆಯ ಸಾಲಿನಲ್ಲಿ ಆರೇ ಪದಗಳು, ಎಲ್ಲವೂ ಒಂದೊಂದೇ ಉಚ್ಚಾರದವು. ವಿಶ್ವವಿದ್ಯಾನಿಲಯದ ವಾಗ್ಮಿಯ ಸುಳಿವೇ ಅಲ್ಲಿಲ್ಲ.

1938ರ ಈಸ್ಟರ್ ಸಮಯದಲ್ಲಿ ಫ್ರಾನ್ಸಿನ ಸೊಲೆಮ್ ಮಠಕ್ಕೆ ಸಿಮೋನ್ ವೇಯ್ ಎಂಬ ತತ್ತ್ವಚಿಂತಕಿ ಬಂದಿದ್ದಳು. ಯಹೂದಿ ಮನೆತನದವಳು, ದೇವರನ್ನು ಅರಸಿ ಬಂದವಳಲ್ಲ. ತೀವ್ರವಾದ ತಲೆನೋವಿನಿಂದ ನರಳುತ್ತಿದ್ದಳು. ಅಲ್ಲಿ ಕಂಡ ಒಬ್ಬ ಇಂಗ್ಲಿಷ್ ತರುಣನಿಂದ ಅವಳಿಗೆ ಈ ಕವಿಗಳ ಪರಿಚಯವಾಯಿತು. 'ಲವ್' ಪದ್ಯವನ್ನು ಅವಳು ಬಾಯಿಪಾಠ ಮಾಡಿಕೊಂಡು, ತಲೆನೋವು ಮಿತಿಮೀರಿದಾಗಲೆಲ್ಲ ಮನಸ್ಸನ್ನು ಒಂದೇ ಕಡೆ ನಿಲ್ಲಿಸಿ ಹೇಳಿಕೊಳ್ಳುತ್ತಿದ್ದಳು. ಒಂದು ಚೆಲುವಾದ ಪದ್ಯವನ್ನು ಹೇಳುತ್ತಿದ್ದೇನೆಂದು ಭಾವಿಸಿದ್ದಳಂತೆ. ಅದು ತನಗೆ ತಿಳಿಯದಂತೆಯೇ ಪ್ರಾರ್ಥನೆಯಾಗಿತ್ತೆಂದೂ, ಹಾಗೆ ಹೇಳಿಕೊಳ್ಳುತ್ತಿದ್ದ ಒಂದು ಗಳಿಗೆಯಲ್ಲಿ ಕ್ರಿಸ್ತನೇ ಬಳಿಗೆ ಬಂದನೆಂದೂ 1942ರಲ್ಲಿ ಒಬ್ಬ ಪಾದ್ರಿಗೆ ಬರೆದ ಪತ್ರದಲ್ಲಿ ತಿಳಿಸಿದಳು.